ಮೂಸದ ಹೂವು

ಹಿರಿಯೂರಿನ ಬಸ್ ನಿಲ್ದಾಣದೆದುರು ಹೂ ಕಟ್ಟುವ ಬಷೀರುನ್ನೀಸಾರಿಗೆ ವರ್ಷವಿಡೀ ನೆಗಡಿಯೆಂದೇ ಹೊಸಬರು ತಿಳಿಯುತ್ತಾರೆ, ಏಕೆಂದರೆ ಅವರ ಸೆರಗು ಮೂಗಿನಿಂದ ಇಳಿಯುವುದೇ ಇಲ್ಲ. ಪಕ್ಕದ ಸೋಡಾ ಅಂಗಡಿಯವರು ಟ್ರಾನ್ಸಿಸ್ಟರ್ ಸದ್ದು ತಗ್ಗಿಸಿ, ಅಯ್ಯೋ ಪಾಪವೆಂದು ಶುಂಠಿ ಕಷಾಯ ಕಳಿಸಿದ್ದೂ ಉಂಟು. "ಸೆರಗು ತೆಗೀರಿ ಬೂಬಮ್ಮ, ಏನ್ ಸೆಕೆ ಐತೆ!" ಎಂದು ನಾನು ಹೇಳಿದರೆ, "ಮೂಸಿದ ಹೂವ ದೇವ್ರಿಗೆ ಏರ್ಸಂಗಿಲ್ಲ ಕಣವ್ವ. ಇದು ನಿಮ್ಮ ಗುಡಿಗೆ ಹೋಗ್ತೈತೋ, ನಮ್ಮ ದರ್ಗಾಕ್ಕೆ ಹೋಗ್ತೈತೋ, ಮೇರಿಯಮ್ಮನ ಕೊರಳಿಗೆ ಬೀಳ್ತೈತೋ, ನಂಗೇನು ಗೊತ್ತು?" ಎನ್ನುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಬುಟ್ಟಿ ಬರಿದಾದ ಮೇಲೆ, ನೆಲಕ್ಕೆ ಬಿದ್ದು ಯಾವ ದೇವರಿಗೂ ಸಲ್ಲದ ಒಂದು ಮಲ್ಲಿಗೆಯನ್ನು ಎತ್ತಿ, ಸೆರಗು ಸರಿಸಿ, ಕಣ್ಣು ಮುಚ್ಚಿ ಮೂಸುತ್ತಾರೆ. ನಾನು ಹೊರಟ ಗುಡಿ ಇನ್ನೂ ಮುಂದಿನ ಬೀದಿಯಲ್ಲಿದ್ದರೂ, ನನ್ನ ಕಾಲು ಅಲ್ಲೇ ಚಪ್ಪಲಿ ಬಿಡುತ್ತದೆ.