ಕಲ್ಲುಗಳ ಜಾಗ ಬದಲಿಸಿದ ದಿನ

ನನ್ನ ಗಂಡನನ್ನು ಮಣಿಪಾಲದ ಆಸ್ಪತ್ರೆಯಿಂದ ಕಾಪುವಿನ ಮನೆಗೆ ತಂದು ಹಾಲ್‌ನಲ್ಲಿ ಮಲಗಿಸಿದಾಗ, ಅವರ ತಲೆಯ ಹತ್ತಿರವೇ ಅವರ ಮೀನಿನ ಟ್ಯಾಂಕ್ ಇತ್ತು. ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್. ಹನ್ನೊಂದು ವರ್ಷ ಗಲ್ಫಿನಲ್ಲಿ ದುಡಿದವರು ಅಲ್ಲಿಂದ ತಂದ ಹುಚ್ಚು ಅದೊಂದೇ. ಅದರ ಪಂಪ್ ಇಪ್ಪತ್ತನಾಲ್ಕು ಗಂಟೆಯೂ ಗುಂಯ್ ಎನ್ನುತ್ತಿರುತ್ತದೆ. ನಮ್ಮ ಕಿವಿಗೆ ಅದು ಕೇಳಿಸುವುದು ನಿಂತು ವರ್ಷಗಳಾಗಿದ್ದವು. ಬಂದವರಿಗೆ ಕೇಳಿಸಿತು. ಹೆಣದ ಮುಂದೆ ಯಂತ್ರ ಸದ್ದು ಮಾಡಬಾರದು ಎಂಬ ಮರ್ಯಾದೆಯಿಂದ, ಟಿವಿಯ ಮೇಲೆ ಬಟ್ಟೆ ಹಾಕಿದ ಹಾಗೆಯೇ, ಅದರ ಪ್ಲಗ್ಗನ್ನೂ ತೆಗೆದರು.

ಸಂಜೆ ಗಂಡಸರು ಸುಡುಗಾಡಿನಿಂದ ಮರಳಿದ ಮೇಲೆ ನಾನು ಟ್ಯಾಂಕಿನ ಕಡೆ ನೋಡಿದೆ. ಐದು ಮೀನುಗಳಲ್ಲಿ ನಾಲ್ಕು ತೇಲುತ್ತಿದ್ದವು. ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟಿಯಿರುವ ಒಂದು ಜೋಡಿ ಇತ್ತು, ಕ್ಲೌನ್ ಮೀನು ಎನ್ನುತ್ತಾರೆ. ಅದರಲ್ಲಿ ದೊಡ್ಡದು ಸತ್ತಿತ್ತು. ಚಿಕ್ಕದು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಪ್ಲಗ್ ಹಾಕಿದೆ. ಅತ್ತು ಸುಸ್ತಾದ ಮನೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ.

ಪ್ಲಗ್ ತೆಗೆದವರು ಕಾರ್ಕಳದಿಂದ ಬಂದಿದ್ದ ನನ್ನ ಗಂಡನ ಅಕ್ಕ. ನಾನು ವಿಚಾರಿಸಲಿಲ್ಲ. ಮರುದಿನ ಅಕ್ಕಿ ಆರಿಸುತ್ತಾ ಅವರಾಗಿಯೇ ಹೇಳಿದರು, ಶಬ್ದ ಆಗುತ್ತಿತ್ತು ಎಂದು. ಆಮೇಲೆ ಇನ್ನೊಂದು ಮೊರ ಅಕ್ಕಿ ತೆಗೆದುಕೊಂಡರು. ನಾಲ್ಕು ಮೀನುಗಳನ್ನು ನಾನು ತೆಂಗಿನ ಬುಡದಲ್ಲಿ ಹೂತದ್ದು ಅವರಿಗೆ ಗೊತ್ತಿತ್ತು.

ಸೂತಕದ ಮನೆಗೆ ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯುವ ತನಕ ಮೀನು ತರುವ ಹಾಗಿಲ್ಲ. ಆದರೆ ಉಳಿದ ಮೀನಿಗೆ ತಿನ್ನಲು ಕೊಡಬೇಕಿತ್ತು, ಡಬ್ಬದ ಕಾಳು ಮುಗಿದಿತ್ತು. ನಾಲ್ಕನೆಯ ದಿನ ತಲೆಗೆ ಸೆರಗು ಹೊದ್ದು ಮಾರ್ಕೆಟಿಗೆ ಹೋಗಿ ಹತ್ತು ರೂಪಾಯಿಯ ಸಿಗಡಿ ಕೇಳಿದೆ. ಮೀನು ಮಾರುವ ಹೆಂಗಸಿಗೆ ನನ್ನ ಗುರುತು ಸಿಕ್ಕಿತು.

“ಬೊಜ್ಜ ಆಯ್ತಾ ಅಕ್ಕ, ಇಷ್ಟು ಬೇಗ?”

“ನನಗಲ್ಲ. ಟ್ಯಾಂಕಿನ ಮೀನಿಗೆ.”

“ಮೀನಿಗೆ ಮೀನು,” ಎಂದು ಪಕ್ಕದವಳಿಗೆ ಹೇಳಿ ನಕ್ಕಳು. ನಾಲ್ಕು ಸಿಗಡಿ ಹೆಚ್ಚಿಗೆ ಹಾಕಿಕೊಟ್ಟಳು.

ನಾನು ಹೊಲಿಗೆ ಕೆಲಸದವಳು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಳಿತು, ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಸಿಗಡಿಯನ್ನು ಸಣ್ಣಗೆ ತುಂಡು ಮಾಡಿದೆ. ಅಕ್ಕ ಅದನ್ನು ನೋಡಿದರು. ಬೊಜ್ಜದ ತನಕ ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ.

ಬೊಜ್ಜ ಕಳೆದ ಮರುದಿನ ಸ್ನಾನ ಮಾಡಿ ಬರುವಾಗ ಕೋಣೆಯಲ್ಲಿ ಮಂಚ ಇರಲಿಲ್ಲ. ಅಂಗಿಗಳು ಇರಲಿಲ್ಲ. ಬಾಗಿಲ ಹಿಂದೆ ಅವರು ಕೊಡೆ ತೂಗಿಸುತ್ತಿದ್ದ ಮೊಳೆಯನ್ನೂ ಅಕ್ಕ ಕೀಳಿಸಿದ್ದರು. ಕಪಾಟನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದ್ದರು. ಹೀಗೆ ಮಾಡಿದರೆ ಮನಸ್ಸು ಬೇಗ ಹಗುರಾಗುತ್ತದಂತೆ. ಕತ್ತಲೆಯಲ್ಲಿ ಎಷ್ಟೋ ದಿನ ನನ್ನ ಮೊಣಕಾಲು ಆ ಕಪಾಟಿಗೆ ಬಡಿಯಿತು. ಮನಸ್ಸು ಹಗುರಾಗಲಿಲ್ಲ.

ಟ್ಯಾಂಕ್ ಮಾತ್ರ ಇದ್ದ ಹಾಗೆಯೇ ಉಳಿಯಿತು, ಅದನ್ನು ಎತ್ತಲು ನಾಲ್ಕು ಜನ ಬೇಕು. ಹೆಜಮಾಡಿಯಲ್ಲಿ ದೋಣಿ ಇರುವ ಅವರ ಗೆಳೆಯರೊಬ್ಬರು ಮೊದಲಿನ ಹಾಗೆಯೇ ದೂರದ ಸಮುದ್ರದ ನೀರನ್ನು ಕ್ಯಾನಿನಲ್ಲಿ ತಂದು ಕೊಡುತ್ತಿದ್ದರು. ನದಿನೀರು ಸೇರುವ ದಡದ ನೀರು ಆಗುವುದಿಲ್ಲ. ನೀರು ಬದಲಿಸುವುದು, ಗಾಜು ಉಜ್ಜುವುದು ಎಲ್ಲವನ್ನೂ ನಾನು ನೋಡಿ ಕಲಿತದ್ದು, ಕೇಳಿ ಕಲಿತದ್ದಲ್ಲ. ಕೇಳಬಹುದಿತ್ತು. ಅವರು ಇರುವಾಗ ಈ ಟ್ಯಾಂಕಿನ ವಿಷಯಕ್ಕೆ ನಾನು ಜಗಳವಾಡಿದ್ದೇ ಹೆಚ್ಚು.

ಮಳೆಗಾಲ ಮುಗಿಯುವ ಹೊತ್ತಿಗೆ ಮೀನು ತಿನ್ನುವುದನ್ನು ಬಿಟ್ಟಿತು. ಸಿಗಡಿಯ ಚೂರು ಬಾಯಿಯ ಮುಂದೆಯೇ ಹಾದು ಹೋದರೂ ತಿರುಗುತ್ತಿರಲಿಲ್ಲ. ಹೆಜಮಾಡಿಯವರು ಬಗ್ಗಿ ನೋಡಿ, ಒಂಟಿಯಾಗಿ ಕೊರಗುತ್ತಾ ಉಂಟು, ಜೊತೆ ತಂದು ನೋಡಿ ಎಂದರು. ನಮಗೆ ಮಕ್ಕಳಿಲ್ಲ. ಆ ಮೀನೂ ಸತ್ತರೆ, ಇದು ಅವರು ಸಾಕಿದ್ದು ಎಂದು ತೋರಿಸಲು ಮನೆಯಲ್ಲಿ ಉಸಿರಾಡುವ ಯಾವುದೂ ಉಳಿಯುತ್ತಿರಲಿಲ್ಲ. ಮರುದಿನವೇ ಬಸ್ಸು ಹಿಡಿದೆ.

ಮಣಿಪಾಲದ ಅಂಗಡಿಯವನು ಹಳೆಯದಕ್ಕಿಂತ ಚಿಕ್ಕ ಮೀನು ಆರಿಸಿಕೊಟ್ಟ. ಸಮಸಮ ಇದ್ದರೆ ಕಾದಾಡಿ ಸಾಯುತ್ತವಂತೆ. ಟ್ಯಾಂಕಿನ ನೀರನ್ನು ಸಪೂರ ಕೊಳವೆಯಲ್ಲಿ ಹನಿಹನಿಯಾಗಿ ಹೊಸ ಮೀನಿನ ಬಕೆಟ್ಟಿಗೆ ಬಿಡಬೇಕು, ದೀಪ ಆರಿಸಬೇಕು, ಎಲ್ಲಕ್ಕಿಂತ ಮೊದಲು ಒಳಗಿನ ಕಲ್ಲುಗಳ ಜಾಗ ಬದಲಿಸಬೇಕು ಎಂದ. ಇಲ್ಲದಿದ್ದರೆ ಹಳೆಯದಕ್ಕೆ ಇಡೀ ಟ್ಯಾಂಕ್ ತನ್ನದೇ ಎಂಬ ಭಾವನೆ ಇರುತ್ತದೆ, ಹೊಸದನ್ನು ಕಚ್ಚಿ ಕೊಲ್ಲುತ್ತದೆ.

ಉಳಿದೆಲ್ಲವನ್ನೂ ಮಾಡಿದೆ. ಒಂದೂವರೆ ಗಂಟೆ ನೆಲದ ಮೇಲೆ ಕುಳಿತು ಹನಿ ಬೀಳುವುದನ್ನು ನೋಡಿದೆ. ಕಲ್ಲುಗಳನ್ನು ಮುಟ್ಟಲಿಲ್ಲ. ಅವು ಅವರು ಒಂದು ಇಡೀ ಭಾನುವಾರ ಊಟ ಬಿಟ್ಟು ಜೋಡಿಸಿದ ಕಲ್ಲುಗಳು. ಒಂದರ ಮೇಲೊಂದು ನಿಲ್ಲಿಸಿ ನಡುವೆ ಗುಹೆಯ ಹಾಗೆ ಮಾಡಿದ್ದರು.

ಹೊಸ ಮೀನನ್ನು ಬಿಟ್ಟ ಕೂಡಲೇ, ಎರಡು ವಾರದಿಂದ ಅಲುಗಾಡದೆ ಇದ್ದ ನನ್ನ ಮೀನಿಗೆ ಎಲ್ಲಿಂದಲೋ ಶಕ್ತಿ ಬಂತು. ಗುಹೆಯಿಂದ ನುಗ್ಗಿ ಬಂದು ಹೊಸದರ ಬಾಲವನ್ನು ಹರಿದುಹಾಕಿತು. ಮೂಲೆಗೆ ಒತ್ತಿ ಪಕ್ಕೆಗೆ ಕಚ್ಚಿತು. ನಾನು ಹೊಸದನ್ನು ಹಿಡಿದು, ತರಕಾರಿ ತೊಳೆಯುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಿ ಟ್ಯಾಂಕಿನೊಳಗೇ ತೂಗಿಸಿದೆ. ಹಳೆಯದು ಬುಟ್ಟಿಯ ತೂತುಗಳಿಗೂ ಮುಖ ಗುದ್ದಿತು. ಸಿಗಡಿ ಹಾಕಿದರೆ ಮುಟ್ಟಲಿಲ್ಲ.

ಮರುದಿನ ಕಾರ್ಕಳದ ಅಕ್ಕ ಬಂದರು, ಮೂರು ದಿನ ಇರುವ ಲೆಕ್ಕದಲ್ಲಿ. ಬುಟ್ಟಿಯೊಳಗೆ ಬಾಲ ಹರಿದ ಮೀನು ಕಂಡು ಎಂತ ಇದು ಎಂದು ಕೇಳಿದರು. ಹೇಳಿದೆ. ಹೇಳುತ್ತಲೇ ಸೆರಗು ಸಿಕ್ಕಿಸಿ ನೀರಿಗೆ ಕೈ ಹಾಕಿದೆ, ಯಾಕೆಂದರೆ ಬುಟ್ಟಿಯ ಮೀನು ಇನ್ನೊಂದು ದಿನ ಹಾಗೆ ಬದುಕುವ ಹಾಗಿರಲಿಲ್ಲ, ಹೊರಗಿನದೂ ಉಪವಾಸದಲ್ಲಿ ಸೊರಗಿತ್ತು.

“ಕಲ್ಲು ಮುಟ್ಟಬೇಡ,” ಎಂದರು ಅಕ್ಕ. “ಅವನು ಇಟ್ಟದ್ದು.”

ನನ್ನ ಕೈ ನೀರಿನಲ್ಲೇ ಇತ್ತು. “ಮಂಚವೂ ಅವರದ್ದೇ ಅಲ್ವಾ ಅಕ್ಕ. ಅದನ್ನು ನೀವು ನನ್ನಲ್ಲಿ ಕೇಳಿ ತೆಗೆದದ್ದಾ?”

“ಅದರಲ್ಲಿ ನೀನು ಮಲಗುತ್ತಿರಲಿಲ್ಲ ಮಾರಾಯ್ತಿ. ರಾತ್ರಿಯೆಲ್ಲ ಅಂಚಿನಲ್ಲಿ ಕೂತಿರುತ್ತಿದ್ದೆ. ನಾನು ನೋಡಿದ್ದೇನೆ.”

ನಾನು ಮೇಲಿನ ಕಲ್ಲನ್ನು ಎತ್ತಿದೆ. ನಿರೀಕ್ಷಿಸಿದ್ದಕ್ಕಿಂತ ಹಗುರವಿತ್ತು. ಒಂದೊಂದನ್ನೇ ಹೊರಗೆ ಕೊಟ್ಟೆ, ಅಕ್ಕ ಬಕೆಟ್ ಹಿಡಿದರು. ನೀರು ಕದಡಿ ಮೀನು ಕಾಣದಾಯಿತು. ಮತ್ತೆ ಜೋಡಿಸುವಾಗ ಕೈಗೆ ಸಿಕ್ಕಿದ ಹಾಗೆ ಇಟ್ಟೆ, ಒಂದು ಗುಹೆಯ ಬದಲು ಎರಡು ಸಣ್ಣ ಸಂದು ಆಯಿತು. ಕೊನೆಯಲ್ಲಿ ಬುಟ್ಟಿ ಬಗ್ಗಿಸಿದೆ.

ನೀರು ತಿಳಿಯಾದ ಮೇಲೆ ಹಳೆಯ ಮೀನು ಗಾಜಿನ ಉದ್ದಕ್ಕೂ ಅತ್ತಿಂದಿತ್ತ ಹೋಗುತ್ತಿತ್ತು. ತನ್ನ ಮನೆ ಎಲ್ಲಿ ಎಂದು ಅದಕ್ಕೆ ತಿಳಿಯಲಿಲ್ಲ. ಹೊಸದು ಹತ್ತಿರ ಬಂದು ಒಂದು ಮಗ್ಗುಲಾಗಿ, ಸೋತೆ ಎನ್ನುವ ಹಾಗೆ ಮೈ ನಡುಗಿಸಿತು. ಹಳೆಯದು ಕಚ್ಚುತ್ತದೆ ಎಂದು ಕಾದೆ. ಕಚ್ಚಲಿಲ್ಲ.

“ನಿನ್ನ ಹಾಗಲ್ಲ, ಇದಕ್ಕೆ ತಗ್ಗಲು ಗೊತ್ತುಂಟು,” ಎಂದರು ಅಕ್ಕ. ತಮಾಷೆಗೇ ಹೇಳಿದ್ದಿರಬೇಕು. ನನಗೆ ನಗು ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎರಡೂ ಒಂದೇ ಸಂದಿನಿಂದ ಹೊರಗೆ ಬಂದವು. ಸಿಗಡಿ ಹಾಕಿದೆ, ಹಳೆಯದು ಮೊದಲು ಬಂದು ತಿಂದಿತು. ಇನ್ನೊಂದು ಚೂರು ಹಾಕಿದೆ, ಅದನ್ನೂ ತಿಂದಿತು. ಇದಕ್ಕಾಗಿಯೇ ಮಣಿಪಾಲಕ್ಕೆ ಓಡಿದ್ದವಳು ನಾನು. ಆದರೂ ಅದು ಹಾಗೆ ನುಂಗುವುದನ್ನು ಕಂಡಾಗ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಜೊತೆಯಲ್ಲಿದ್ದದ್ದನ್ನು ಮರೆಯಲು ಅದಕ್ಕೆ ನಾಲ್ಕು ಕಲ್ಲು ಸರಿಸಿದ್ದು ಸಾಕಾಯಿತು. ಹೊಸ ಜೊತೆಯನ್ನು ಅದು ಒಪ್ಪದಿರಲಿ ಎಂದು ನನ್ನೊಳಗೆ ಎಲ್ಲೋ ಹರಕೆ ಹೊತ್ತಿದ್ದೆ ಎಂದು ಆಗ ಗೊತ್ತಾಯಿತು.

ಕಲ್ಲುಗಳನ್ನು ಮೊದಲಿನ ಹಾಗೆ ಇಡಬೇಕೆನಿಸಿತು. ಮೀನುಗಳು ಹೊಂದಿಕೊಂಡ ಮೇಲೆ ಇನ್ನೇನು ತೊಂದರೆ ಎಂದು ರವಿಕೆಯ ತೋಳು ಮಡಚಿ ನಿಂತೆ. ಚಪ್ಪಟೆ ಕಲ್ಲು ಅಡಿಯಲ್ಲಿತ್ತೋ ಮೇಲಿತ್ತೋ ನೆನಪಾಗಲಿಲ್ಲ. ಗುಹೆಯ ಬಾಯಿ ಬಾಗಿಲ ಕಡೆಗಿತ್ತೋ ಕಿಟಕಿಯ ಕಡೆಗೋ. ಕಣ್ಣು ಮುಚ್ಚಿದರೆ ಈಗಿನ ಎರಡು ಸಂದುಗಳೇ ಕಾಣುತ್ತಿದ್ದವು.

ಅಕ್ಕ ಕಾರ್ಕಳದ ಬಸ್ಸಿಗೆ ಹೊರಟು ಚಪ್ಪಲಿ ಹಾಕುತ್ತಿದ್ದರು. ಆ ಚಪ್ಪಟೆ ಕಲ್ಲು ಮೊದಲು ಎಲ್ಲಿತ್ತು ಎಂದು ಕೇಳಿದೆ.

“ನನಗೆ ಎಂತ ಗೊತ್ತು,” ಎಂದರು. “ದಿನಾ ನೋಡುತ್ತಿದ್ದವಳು ನೀನಲ್ವಾ.”