ತಲೆಯ ಮೇಲಿನ ಸೆರಗು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ವಾರದಲ್ಲಿ ನಾಲ್ಕು ದಿನ ನಾಲ್ಕು ಊರು ಸುತ್ತುವ ನರ್ಸ್ ನಾನು. ಬಸುರಿಯರ ರಕ್ತದಲ್ಲಿ ಮನೆತನದಿಂದ ಇಳಿದುಬಂದ ದೋಷವೇನಾದರೂ ಇದೆಯೇ ನೋಡುವುದು, ಇದ್ದರೆ ಗಂಡ ಹೆಂಡತಿಯನ್ನು ಕೂಡಿಸಿ ತಿಳಿಹೇಳುವುದು ನನ್ನ ಕೆಲಸ. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಜನ ಮಾತ್ರ ನನ್ನನ್ನು 'ಕಾಳಿನ ಅಕ್ಕಾರು' ಅನ್ನುತ್ತಾರೆ. ಚೀಲದಲ್ಲಿ ಸದಾ ಒಂದು ಡಬ್ಬಿ, ಅದರೊಳಗೆ ಒಂದಿಷ್ಟು ಬಿಳಿಜೋಳ, ಒಂದಿಷ್ಟು ಕರಿ ಉದ್ದು. ಅಪ್ಪನ ಕೈಯಲ್ಲಿ ಎರಡು ಕಾಳು, ಅವ್ವನ ಕೈಯಲ್ಲಿ ಎರಡು ಕಾಳು, ಕೂಸಿಗೆ ಇಬ್ಬರಿಂದಲೂ ಒಂದೊಂದು. ಒಂದು ಕರಿಯದು ಬಂದರೆ ಚಿಂತೆಯಿಲ್ಲ, ಅದನ್ನು ಹೊತ್ತುಕೊಂಡೇ ಆಯುಷ್ಯ ಕಳೆಯಬಹುದು. ಎರಡೂ ಕರಿಯವೇ ಬಂದರೆ ಅದು ಥಲಸ್ಸೇಮಿಯಾ. ಆ ಕೂಸಿಗೆ ತಿಂಗಳು ತಿಂಗಳೂ ಬೇರೆಯವರ ರಕ್ತ ಏರಿಸುತ್ತಲೇ ಇರಬೇಕು.

ಹೋದ ವರ್ಷ ಮೆಕ್ಕೆಜೋಳದ ರಾಶಿ ನಡೆದಿದ್ದಾಗ ಹಿರೇಕೆರೂರಿನ ಆಸ್ಪತ್ರೆಗೆ ಮೂರು ತಿಂಗಳ ಬಸುರಿಯೊಬ್ಬಳು ಬಂದಳು. ಸೋದರತ್ತೆಯ ಮಗನನ್ನೇ ಮದುವೆಯಾದವಳು, ಹೀಗಾಗಿ ಜೊತೆಗೆ ಬಂದಿದ್ದ ಅತ್ತೆ ಹುಟ್ಟಿನಿಂದಲೂ ಅವಳಿಗೆ ಅತ್ತೆಯೇ. ಹುಡುಗಿಯ ರಕ್ತದಲ್ಲಿ ಒಂದು ಕರಿಕಾಳು ಸಿಕ್ಕಿತು. ಗಂಡನಲ್ಲೂ ಇದ್ದರೆ ಮಾತ್ರ ಕೂಸಿಗೆ ಅಪಾಯ. ಮುಂದಿನ ವಾರ ಅವನನ್ನು ಕರೆತನ್ನಿ ಎಂದೆ.

ಕರೆತಂದರು. "ಇಂವ ನೋಡ್ರಿ ಅಕ್ಕಾರ, ನನ್ನ ಮಗ," ಎಂದಳು ಅತ್ತೆ. ಆತ ಗೋಡೆಯ ಕಡೆ ನೋಡುತ್ತ ತೋಳು ಮಡಚಿ ರಕ್ತ ಕೊಟ್ಟ. ಹುಡುಗಿ ತಲೆ ತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಂತಳು. ಹಿರಿಯರ ಮುಂದೆ ಗಂಡನ ಹೆಸರು ಹೇಳಲು ಹೆಣ್ಣುಮಕ್ಕಳು ನಾಚುತ್ತಾರೆಂದು ನಾನು ಯಾರಿಗೂ ಹೆಸರು ಕೇಳುತ್ತಿರಲಿಲ್ಲ. ತಾಯಿಕಾರ್ಡಿನಲ್ಲಿದ್ದ ಗಂಡನ ಹೆಸರನ್ನೇ ಬಾಟಲಿಗೆ ಬರೆದು ಅಂಟಿಸಿದೆ. ಇದೊಂದು ದೊಡ್ಡ ಸೂಕ್ಷ್ಮತೆಯೆಂದು ನನಗೆ ನನ್ನ ಮೇಲೆ ಹೆಮ್ಮೆಯೂ ಇತ್ತು.

ಮರುವಾರ ವರದಿ ಬಂತು. ದೋಷವಿಲ್ಲ. "ಇನ್ನ ಆರಾಮ ಇರ್ರಿ, ಕೂಸಿಗೆ ಏನೂ ಆಗೂದಿಲ್ಲ," ಎಂದೆ. ಅತ್ತೆ ನನ್ನ ಕೈ ಹಿಡಿದುಕೊಂಡಳು, ನಾಲ್ಕು ಶೇಂಗಾ ಹೋಳಿಗೆಯನ್ನು ಒತ್ತಾಯದಿಂದ ಚೀಲಕ್ಕೆ ಹಾಕಿದಳು. ಹುಡುಗಿ ಮಾತ್ರ ನಗಲಿಲ್ಲ. ದಣಿವಿರಬೇಕು ಅಂದುಕೊಂಡೆ.

ಅಂದೇ ತಿರುಗಿ ಹೋಗುವಾಗ ಹಾವೇರಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಂದು ಜೋಡಿ. ಹೆಂಡತಿ ಗಂಡನ ಕೈಯಿಂದ ಮೊಬೈಲು ಕಸಿದುಕೊಂಡು ಕಿಲಕಿಲ ನಗುತ್ತಿದ್ದಳು. ಯಾವುದೋ ಹಳ್ಳಿಯಲ್ಲಿ ಹಿರಿಯನೊಬ್ಬ ಹತ್ತಿದ. "ಅಣ್ಣಾ, ಇತ್ತ ಬಾ," ಎಂದು ಗಂಡ ಕೂಗಿದ್ದೇ ತಡ, ಅವಳ ನಗು ನಿಂತಿತು, ಸೆರಗು ತಲೆ ಮೇಲೆ ಬಂತು, ಮುಖ ಕಿಟಕಿಯ ಕಡೆ ತಿರುಗಿತು.

ಬಾಗಿಲ ಹಿಂದೆ ನಿಂತಿದ್ದ ಆ ಹುಡುಗಿ ನೆನಪಾದಳು. ಗಂಡನಿಗೆ ಯಾರು ಹಾಗೆ ಸೆರಗು ಹೊದೆಯುತ್ತಾರೆ? ಭಾವನಿಗೆ, ಗಂಡನ ಅಣ್ಣನಿಗೆ ಹೊದೆಯುತ್ತಾರೆ. ನಾನೇ ಹದಿನೈದು ವರ್ಷ ಹೊದ್ದಿದ್ದೇನೆ! ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಮೊದಲು ಆ ಅತ್ತೆಯನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ, ಆಮೇಲೆ ನನ್ನನ್ನು. ಮುಂದಿನ ಸ್ಟಾಪಿನಲ್ಲಿ ಇಳಿದು ತಿರುಗಿ ಹಿರೇಕೆರೂರಿಗೆ ಬಂದು, ಟಂಟಂ ರಿಕ್ಷಾ ಹಿಡಿದು ಅವರ ಹಳ್ಳಿಗೆ ಹೋದೆ.

ಅಂಗಳದಲ್ಲಿ ನಾನು ಎಂದೂ ನೋಡಿರದ ತೆಳ್ಳನೆಯ ಯುವಕನೊಬ್ಬ ಮೆಕ್ಕೆಜೋಳ ಹರವುತ್ತಿದ್ದ. ಹುಡುಗಿ ಬರಿದಲೆಯಲ್ಲಿ ಅವನ ಪಕ್ಕದಲ್ಲೇ ನಿಂತು ಏನೋ ರೇಗಿಸುತ್ತಿದ್ದಳು. ಕೇಳುವುದೇನೂ ಉಳಿಯಲಿಲ್ಲ. ಆದರೂ ಅವಳನ್ನು ಬದಿಗೆ ಕರೆದು ಕೇಳಿದೆ: "ಯಾಕವ್ವಾ ತಂಗಿ, ಒಂದು ಮಾತ ಅನಬಾರದಾಗಿತ್ತಾ?"

"ಭಾವನ ಮುಂದ ಹೆಂಗ ಮಾತಾಡ್ಲಿರಿ ಅಕ್ಕಾರ? ಸೆರಗ ಹೊತ್ಕೊಂಡಿದ್ನೆಲ್ರಿ. ನೀವೂ ಈ ಕಡೆಯವ್ರ, ನಿಮಗ ತಿಳೀತೈತಿ ಅಂತ ಮಾಡಿದ್ದೆ."

ನನಗೆ ನಾಚಿಕೆಯಾಯಿತು.

ಅತ್ತೆ ಒಳಗಿನಿಂದ ಬಂದು ನನ್ನನ್ನು ಕಂಡವಳೇ ಕಟ್ಟೆಯ ಮೇಲೆ ಕುಳಿತಳು. "ಇಬ್ರೂ ನನ್ನ ಹೊಟ್ಟ್ಯಾಗ ಹುಟ್ಟಿದವ್ರ. ಒಬ್ಬಂದ ನೋಡಿದ್ರ ಇನ್ನೊಬ್ಬಂದ ನೋಡಿದಂಗ ಅಲ್ಲೇನ್ರಿ?"

"ಅಲ್ಲರಿ ಯವ್ವಾ. ಅಣ್ಣಗ ಬರದಿದ್ದದ್ದು ತಮ್ಮಗ ಬಂದಿರಬಹುದು."

ಅವಳು ಅಂಗಳದಲ್ಲಿದ್ದ ಸಣ್ಣ ಮಗನ ಕಡೆ ನೋಡಿ ಮೆಲ್ಲಗೆ, "ಇವರಿಬ್ಬರ ನಡುವ ಒಂದು ಹೆಣ್ಣುಕೂಸು ಇತ್ರಿ. ಬೆಳ್ಳಗಾಗಿ ಬೆಳ್ಳಗಾಗಿ ಎರಡು ವರ್ಷಕ್ಕ ಹೋತು. ಸಣ್ಣಾವನೂ ಸಣ್ಣಂದಿನಿಂದ ಬಿಳಚ್ಕೊಂಡಾನ. ಅವನ ರಕ್ತ ತೋರಸಾಕ ನನಗ ಧೈರ್ಯ ಆಗಲಿಲ್ರಿ," ಎಂದಳು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಗಂಡ ಕೈತೊಳೆದುಕೊಂಡು ಬಂದು ತೋಳು ಚಾಚಿದ. ಹೆಸರನ್ನು ಈ ಸಲ ಅವನ ಬಾಯಿಂದಲೇ ಕೇಳಿ ಬರೆದುಕೊಂಡೆ. ವಾರದ ನಂತರ ವರದಿ ಬಂತು. ಅವನಲ್ಲೂ ಒಂದು ಕರಿಕಾಳು ಇತ್ತು.

ಇನ್ನು ಕೂಸಿನದೇ ನೋಡಬೇಕು. ನಾಲ್ಕು ತಿಂಗಳು ತುಂಬಿದ ಮೇಲೆ ಹುಬ್ಬಳ್ಳಿಯಲ್ಲಿ ಗರ್ಭದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ದೋಷ ಕಂಡರೆ ಮುಂದೇನು ಎಂಬುದು ನಿಮ್ಮಿಬ್ಬರದೇ ತೀರ್ಮಾನ, ನಾನು ಹಿಂಗೇ ಮಾಡಿ ಅನ್ನುವುದಿಲ್ಲ ಎಂದು ಗಂಡ ಹೆಂಡತಿಗೆ ಮೊದಲೇ ಹೇಳಿದ್ದೆ. ಎರಡು ವಾರ ಆ ಹುಡುಗಿ ಫೋನು ಮಾಡುವಳು, ಏನೂ ಕೇಳದೆ, "ಊಟ ಆತೇನ್ರಿ ಅಕ್ಕಾರ?" ಎಂದು ಇಟ್ಟುಬಿಡುವಳು. ನನಗೂ ಅನ್ನ ಸೇರುತ್ತಿರಲಿಲ್ಲ.

ವರದಿ ಕೈಗೆ ಬಂದ ದಿನ ಮೂವರೂ ಹಿರೇಕೆರೂರಿಗೆ ಬಂದರು. ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ: ಕೂಸು ಅವರಪ್ಪನ ಹಾಗೆಯೇ, ದೋಷ ಹೊತ್ತುಕೊಂಡಿದೆ ಅಷ್ಟೇ, ರೋಗವಿಲ್ಲ. ಹುಡುಗಿ ಅತ್ತುಬಿಟ್ಟಳು. ಗಂಡ ಅವಳನ್ನು ಚಹಾ ಕುಡಿಸಲು ಹೊರಗೆ ಕರೆದೊಯ್ದ.

ಅತ್ತೆ ಏಳಲಿಲ್ಲ. "ಅಕ್ಕಾರ, ಆ ನನ್ನ ಕೂಸಿಗೂ ಇದ ಬ್ಯಾನಿ ಆಗಿತ್ತೇನ್ರಿ?"

"ಈಗ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ನೀವು ಹೇಳಿದ್ದ ಕೇಳಿದ್ರ ಇದ ಇರಬೇಕ್ರಿ."

"ಅದು ಹೊಟ್ಟ್ಯಾಗಿದ್ದಾಗ ಗ್ರಹಣ ಹಿಡದಿತ್ತು. ನಾ ತಿಳೀದ ಈಳಗಿ ಮುಂದ ಕುಂತು ಬದನಿಕಾಯಿ ಹೆಚ್ಚಿದ್ದೆ. ಅದಕ್ಕ ಕೂಸು ಹೋತು ಅಂತ ನಮ್ಮತ್ತಿ ಸಾಯೂತನಕಾ ಅಂದ್ಲು. ನಾನೂ ಹಂಗ ತಿಳಕೊಂಡೇನಿ. ಅದಕ್ಕ ಅಲ್ಲೇನ್ರಿ?"

"ಅದಕ್ಕ ಅಲ್ಲರಿ ಯವ್ವಾ."

ಅವಳು ನನ್ನ ಮುಖವನ್ನೇ ನೋಡಿದಳು.

"ಇನ್ನೊಮ್ಮೆ ಅನ್ರಿ."

ಅಂದೆ.