ಬೆನ್ನ ಕಡೆಗೆ ಹೆಜ್ಜೆ

ಠಾಣೆಯ ವರ್ತಕ ನಗರದ ಒಂದು ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟ್ಯಾಂಗೋ ಎಂಬ ಜೋಡಿ ನೃತ್ಯದ ಕ್ಲಾಸು. ಡೊಂಬಿವಲಿಯಿಂದ ಲೋಕಲ್ ಹಿಡಿದು ನಾನು ಹತ್ತು ನಿಮಿಷ ಮೊದಲೇ ಅಲ್ಲಿರುತ್ತಿದ್ದೆ. ನಿವೃತ್ತನಾದ ಮೇಲೆ ಎರಡು ಸಲ ರಸ್ತೆಯಲ್ಲಿ ಬಿದ್ದಿದ್ದೆ. ಕಾಲಿಗೆ ಹಿಡಿತ ಬರಲಿ ಎಂದು ಈ ಕ್ಲಾಸಿಗೆ ಸೇರಿಸಿದವಳು ಮಗಳು. ಮೂರನೆಯ ಸಲ ಬಿದ್ದರೆ ಒಬ್ಬನೇ ರೈಲು ಹತ್ತುವಂತಿಲ್ಲ ಎಂದು ಕರಾರು ಹಾಕಿದವಳೂ ಅವಳೇ.

ಅಂದು ಹೆಂಗಸರು ಕಡಿಮೆ. ಕಲಿಸುವ ಹುಡುಗಿ ನನ್ನನ್ನು ಉಡುಪಿ ಕಡೆಯ ಹೋಟೆಲಿನವರೊಬ್ಬರ ಜೊತೆ ನಿಲ್ಲಿಸಿದಳು. "ಅಂಕಲ್, ಪೆಹಲೆ ಆಪ್ ಫಾಲೋ ಕರೋ, ಫಿರ್ ಬದ್ಲಿ." ಅಂದರೆ ಮೊದಲು ಅವರು ನಡೆಸುವುದು, ಅವರ ತೋಳಿನೊಳಗೆ ನಾನು ಹಿಂದಕ್ಕೆ ಹೆಜ್ಜೆ ಇಡುವುದು; ಆಮೇಲೆ ಅದಲುಬದಲು.

ಗಂಡಸಿನ ತೋಳಿನಲ್ಲಿ ನಿಂತವನು ಮೊದಲು ಬಾಗಿಲತ್ತ ನೋಡಿದೆ. ಗುರುತಿನವರು ಯಾರೂ ಇರಲಿಲ್ಲ. ಅದಕ್ಕಿಂತ ದೊಡ್ಡ ಭಯ ಬೆನ್ನ ಹಿಂದಿನದು. ಕಳವಾ ಊರಿನಲ್ಲಿ ಲೋಕಲ್ ರೈಲುಗಳನ್ನು ದುರಸ್ತಿ ಮಾಡುವ ಕಾರ್‌ಶೆಡ್‌ನಲ್ಲಿ ದುಡಿದವನು ನಾನು. ಹಳಿಗಳ ನಡುವೆ ತಿರುಗಿ ನೋಡದೆ ಒಂದಡಿಯೂ ಹಿಂದೆ ಸರಿಯಬಾರದು ಎಂಬುದು ಅಲ್ಲಿನ ಮೊದಲ ಪಾಠ. ಹೆಜ್ಜೆಗೊಮ್ಮೆ ಕತ್ತು ತಿರುಗಿಸಿದೆ.

"ಯಾರನ್ನು ಹುಡುಕುದು ಮಾರಾಯ್ರೆ? ನಾನು ಇಲ್ಲೇ ಇದ್ದೇನಲ್ಲ!"

"ಹಿಂದ ನೋಡ್ಲಾರ್ದ ಹೆಂಗ ಹೋಗ್ಲಿರಿ?"

"ನಿಮ್ಮ ಹಿಂದೆ ನಾನು ನೋಡ್ತೇನೆ."

ಮತ್ತೆ ತಿರುಗಿದೆ. ಕತ್ತಿನ ಜೊತೆ ಮೈಯೂ ತಿರುಗಿ, ಕಾಲು ತೊಡರಿ, ಮೊಣಕಾಲು ನೆಲಕ್ಕೆ ಬಡಿಯಿತು. ಅವರು ಕಂಕುಳಿಗೆ ಕೈಕೊಟ್ಟು ಎತ್ತಿದರು.

"ಇವತ್ತ ಮಗಳು ಹನ್ನೊಂದಕ್ಕ ಕರಿಲಿಕ್ಕೆ ಬರ್ತಾಳ. ಹೇಳಬ್ಯಾಡ್ರಿ."

"ಇನ್ನೊಮ್ಮೆ ಕತ್ತು ತಿರುಗಿಸಿದ್ರೆ ಹೇಳ್ತೇನೆ!"

ಬೇರೆ ದಾರಿಯಿರಲಿಲ್ಲ. ಅವರ ಅಂಗಿಯ ಗುಂಡಿಯನ್ನೇ ನೋಡುತ್ತ ಹಿಂದಕ್ಕೆ ನಡೆದೆ. ಬೆವರು ಕಿವಿಯ ಹಿಂದೆ ಇಳಿಯಿತು. ಗೋಡೆ ಎಷ್ಟು ದೂರ, ಕುರ್ಚಿ ಎಲ್ಲಿ, ಒಂದೂ ತಿಳಿಯದು. ಬೆನ್ನ ಮೇಲಿನ ಅಂಗೈ ಬಿಗಿಯಾದಾಗ ನಿಂತೆ, ಸಡಿಲಾದಾಗ ನಡೆದೆ.

ಪಾತ್ರ ಬದಲಾಯಿತು. ಈಗ ನಡೆಸುವವನು ನಾನು. ಹೋಟೆಲಿನವರ ತಮಾಷೆ ನಿಂತುಹೋಯಿತು. ಅವರ ಅಂಗೈ ತಣ್ಣಗೆ ಒದ್ದೆಯಾಗಿತ್ತು, ಕಾಲು ಏಳಲೇ ಇಲ್ಲ.

"ಖಾಲಿ ಅದ, ನಡೀರಿ," ಎಂದೆ. ಅವರ ಹೆಗಲಾಚೆ ಕಣ್ಣಿಟ್ಟು, ಒಂದೊಂದೇ ಹೆಜ್ಜೆಯಾಗಿ ಆಚೆ ಗೋಡೆಯವರೆಗೆ ಕರೆದೊಯ್ದೆ.

ಮಗಳು ಬಂದವಳೇ ನನ್ನ ಪ್ಯಾಂಟಿನ ಧೂಳು ನೋಡಿದಳು. "ಬಾಬಾ, ಹೇ ಕಾಯ್?" ಇದೇನು ಎಂದು ಮರಾಠಿಯಲ್ಲೇ ಕೇಳಿದಳು.

ಹೋಟೆಲಿನವರು ಚಾವಣಿ ನೋಡತೊಡಗಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಿದ್ದೆ," ಎಂದೆ.

ಅವಳು ಕೈ ಚಾಚಿದಳು. ರೈಲ್ವೆ ಪಾಸು ತೆಗೆದು ಕೊಟ್ಟೆ.

"ನಾನೂ ಡೊಂಬಿವಲಿಯವನೇ ಅಮ್ಮಾ," ಎಂದರು ಹೋಟೆಲಿನವರು. "ಇನ್ನು ಇವರನ್ನು ನಾನೇ ಕರ್ಕೊಂಡು ಬರ್ತೇನೆ, ಹೋಗ್ತೇನೆ."

ಮಗಳು ಪಾಸನ್ನು ನನಗೆ ಕೊಡದೆ ಅವರ ಕೈಗೆ ಕೊಟ್ಟಳು.